ಚಾಲಕ ಪಾರು

ಸಮಾರಂಭದ ಅಧ್ಯಕ್ಷತೆ ವಹಿಸಿರುವ ಮುಖ್ಯೋಪಾಧ್ಯಾಯರೇ, ಕಚೇರಿಯ ಕೆಲಸ ಬದಿಗಿಟ್ಟು ಬಂದಿರುವ ತಹಶೀಲ್ದಾರ್ ಸಾಹೇಬರೇ, ವೇದಿಕೆಯ ಮೇಲಿನ ಹಿರಿಯರೇ, ಮಂಡ್ಯದಿಂದಲೂ ಮದ್ದೂರಿನಿಂದಲೂ ಬಸ್ಸು ಬದಲಾಯಿಸಿಕೊಂಡು ಬಂದಿರುವ ಕಸುಬುದಾರ ಬಂಧುಗಳೇ, ಕುರ್ಚಿ ಸಾಲದೆ ಬಾಗಿಲ ಬಳಿ ನಿಂತಿರುವ ತಾಯಂದಿರೇ, ಮಳವಳ್ಳಿಯ ಸಮಸ್ತ ಸಭಿಕರೇ,

ಮೊದಲು ನಿಂತವರ ಕ್ಷಮೆ ಕೇಳುತ್ತೇನೆ. ಈ ಸಲ ಕುರ್ಚಿ ಹೊತ್ತು ತಂದು ಹಾಕುವ ಕೈಗಳು ಕಡಿಮೆಯಾದವು. ಯಾಕೆ ಕಡಿಮೆಯಾದವು ಎಂಬುದು ಇಲ್ಲಿರುವ ಅರ್ಧ ಜನಕ್ಕೆ ಗೊತ್ತು. ಉಳಿದವರಿಗೆ ನಾನು ಕೂರುವ ಹೊತ್ತಿಗೆ ಗೊತ್ತಾಗುತ್ತದೆ.

ಈಗ ತಾನೇ ನನಗೆ ಶಾಲು ಹೊದಿಸಿದಿರಿ, ಪೇಟ ತೊಡಿಸಿದಿರಿ, ಹಣ್ಣಿನ ಬುಟ್ಟಿ ಕೊಟ್ಟಿರಿ. ಈ ಸೆಕೆಯಲ್ಲಿ ಶಾಲು ಹೊದ್ದವನು ಹೆಚ್ಚು ಹೊತ್ತು ಮಾತಾಡಲಾರ ಎಂಬ ಉಪಾಯವೂ ಅದರಲ್ಲಿ ಇದ್ದೀತು. ಶಾಲು ಮಡಚಿ ಕುರ್ಚಿಯ ಮೇಲಿಟ್ಟಿದ್ದೇನೆ. ಆದ್ದರಿಂದ ಉಪಾಯ ಕೆಟ್ಟಿತು ಎಂದೇ ತಿಳಿಯಿರಿ.

ನಿರೂಪಣೆ ಮಾಡಿದ ಹುಡುಗಿ ನನ್ನನ್ನು ಹಬ್ಬದ ಸ್ಥಾಪಕರು ಎಂದಳು. ಅದು ಸರಿಯಲ್ಲ. ನನ್ನ ಹೆಸರು ಶಿವರಾಮು, ನಾನು ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಈ ಕೈಗೆಲಸದ ಹಬ್ಬವನ್ನು ಶುರುಮಾಡಿದವಳು ನನ್ನ ಹೆಂಡತಿ ಹೊಂಬಾಳಮ್ಮ. ನನ್ನ ಹಿಂದೆ ಇರುವ ಬಟ್ಟೆಯ ಮೇಲೆ ‘ಹೊಂಬಾಳಮ್ಮ–ರೂಪ ವೇದಿಕೆ’ ಎಂದು ಬರೆದಿದ್ದೀರಿ. ಹಬ್ಬದ ಚರಿತ್ರೆ ಹೇಳಿ ಎಂದು ನನ್ನನ್ನು ಕರೆದಿದ್ದೀರಿ. ಈ ಎರಡು ಹೆಸರು ಆ ಬಟ್ಟೆಯ ಮೇಲೆ ಹೇಗೆ ಬಂದವು ಎಂದು ಹೇಳದೆ ಚರಿತ್ರೆ ಹೇಳುವುದು ಹೇಗೆ?

ಫಾರಂನಲ್ಲಿ ನನ್ನ ಕೆಲಸ ಭತ್ತದ ತಾಕುಗಳದ್ದು. ಕೊಯ್ಲಾದ ಮೇಲೆ ವಿಜ್ಞಾನಿಗಳು ಬೇಕಾದ ತೆನೆಗಳನ್ನು ತೂಗಿ, ಅಳೆದು, ಉಳಿದದ್ದನ್ನು ಮೂಲೆಗೆ ಹಾಕುತ್ತಿದ್ದರು. ನಾನು ಒಮ್ಮೆ ಆ ವಿಷಯ ಮನೆಯಲ್ಲಿ ಹೇಳಿದೆ. ಹೊಂಬಾಳಮ್ಮ ಅವನ್ನು ಕೇಳಿ ತರಲು ಹೇಳಿದಳು. ತಂದುಕೊಟ್ಟೆ. ಅವಳು ಕೆಂಪು ತೆನೆ, ಕಪ್ಪು ತೆನೆ, ಮೀಸೆ ಇರುವ ತೆನೆ ಎಂದು ಬೇರೆ ಮಾಡಿ, ನೆನೆಸಿ, ಜಡೆ ಹೆಣೆದ ಹಾಗೆ ಹೆಣೆದು ಬಾಗಿಲಿಗೆ ಕಟ್ಟುವ ತೋರಣ ಮಾಡಿದಳು. ಅವಳ ಅಜ್ಜಿ ಮಾಡುತ್ತಿದ್ದರಂತೆ. ಮದುವೆಯಾಗಿ ಅಷ್ಟು ವರ್ಷವಾದರೂ ನನ್ನ ಹೆಂಡತಿಗೆ ಇಂಥದ್ದೊಂದು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅವಳಿಗೆ ಇನ್ನೂ ಏನೇನು ಬರುತ್ತಿತ್ತೋ, ಈಗ ಕೇಳುವುದಾದರೂ ಯಾರನ್ನು?

ಆ ತೋರಣ ನೋಡಲು ಬೀದಿಯ ಹೆಂಗಸರು ಬಂದರು. ಒಬ್ಬರಿಗೆ ಬುಟ್ಟಿ ಹೆಣೆಯಲು ಬರುತ್ತಿತ್ತು, ಒಬ್ಬರಿಗೆ ಕೌದಿ ಹೊಲಿಯಲು ಬರುತ್ತಿತ್ತು. ಎಲ್ಲ ಸೇರಿ ಇದೇ ಶಾಲೆಯ ಜಗಲಿಯ ಮೇಲೆ ಒಂದು ಭಾನುವಾರ ಹರಡಿಕೊಂಡು ಕೂತರು. ಅದೇ ಮೊದಲ ಹಬ್ಬ. ಹಬ್ಬ ಎಂದು ಬೋರ್ಡು ಹಾಕಿದ್ದರಿಂದ ಬಂದವರೆಲ್ಲ ಊಟ ಎಷ್ಟು ಹೊತ್ತಿಗೆ ಎಂದು ಕೇಳಿದರು. ಒಬ್ಬ ಯಜಮಾನರಂತೂ ತೋರಣವನ್ನು ಕೈಯಲ್ಲಿ ತೂಗಿ ನೋಡಿ, ಇದನ್ನು ಬಡಿದರೆ ಎಷ್ಟು ಅಕ್ಕಿಯಾಗುತ್ತದೆ ಎಂದು ಕೇಳಿದರು. ಹೊಂಬಾಳಮ್ಮ ಆ ಮಾತನ್ನು ಬಹಳ ವರ್ಷ ಹೇಳಿಕೊಂಡು ನಗುತ್ತಿದ್ದಳು.

ಹಬ್ಬ ಬೆಳೆಯಿತು. ಕೊಕ್ಕರೆ ಬೆಳ್ಳೂರಿನಿಂದ ಚಿಕ್ಕಬೋರಮ್ಮ ಈಚಲು ಗರಿಯ ಚಾಪೆ ತಂದರು. ಅಮ್ಮ ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಮದ್ದೂರಿನ ಆಚೆಯಿಂದ ಕುಂಬಾರ ಮರಿಸಿದ್ದಯ್ಯನವರು ಮಡಕೆ ತಂದರು. ಅವರ ಮಗಳು ರೂಪ ಆಗ ಲಂಗ ಉಟ್ಟ ಹುಡುಗಿ. ಪುಟ್ಟಮಾದಯ್ಯನವರು ತಮಟೆ ತಂದರು, ಅಲ್ಲೇ ಕೂತು ತೊಗಲು ಬಿಗಿದು ತೋರಿಸಿದರು.

ತಮಟೆ ಬಂದ ವರ್ಷ ಗಲಾಟೆಯಾಯಿತು. ತೊಗಲಿನ ಪಕ್ಕ ನಾವು ಕೂರುವುದಿಲ್ಲ ಎಂದು ಕೆಲವರು ಗಂಟು ಕಟ್ಟಿದರು. ಹಾಗೆ ಹೇಳಿದವರು ನನ್ನ ಜಾತಿಯವರು, ನನ್ನ ನೆಂಟರು. ನಾನು ಅವರನ್ನು ಸಮಾಧಾನ ಮಾಡುತ್ತಾ ನಿಂತಿದ್ದೆ. ಅಷ್ಟರಲ್ಲಿ ಹೊಂಬಾಳಮ್ಮ ತನ್ನ ತೋರಣಗಳನ್ನೆಲ್ಲ ಎತ್ತಿಕೊಂಡು ಹೋಗಿ ಪುಟ್ಟಮಾದಯ್ಯನವರ ಪಕ್ಕ ಕೂತಾಗಿತ್ತು. ಅವಳು ಭಾಷಣ ಮಾಡುವವಳಲ್ಲ. ಕೂತಳು, ಅಷ್ಟೆ. ಮುಂದಿನ ವರ್ಷದಿಂದ ಹಬ್ಬದಲ್ಲಿ ಯಾರು ಎಲ್ಲಿ ಕೂರಬೇಕೆಂದು ಚೀಟಿ ಎತ್ತುವ ಪದ್ಧತಿ ಬಂತು.

ಆ ಪುಟ್ಟಮಾದಯ್ಯನವರ ಮಗ ಸ್ವಾಮಿ.

ಹೆಸರು ಹೇಳಿದ ಕೂಡಲೇ ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದು ಕೇಳಿತು. ಹೋಗುವವರು ಹೋಗಬಹುದು. ಬಾಗಿಲ ಬಳಿ ತಾಯಂದಿರು ನಿಂತಿದ್ದಾರೆ, ಅವರಿಗೆ ಆ ಕುರ್ಚಿ ಬಿಟ್ಟುಕೊಟ್ಟು ಹೋಗಿ.

ಸ್ವಾಮಿಗೆ ತಮಟೆ ಕೆಲಸ ಬೇಡವಾಗಿತ್ತು. ಅಪ್ಪನಿಗೂ ಮಗ ಅದನ್ನು ಮಾಡುವುದು ಇಷ್ಟವಿರಲಿಲ್ಲ. ಅವನು ಡ್ರೈವಿಂಗ್ ಕಲಿತು ಒಂದು ಟೆಂಪೋ ಇಟ್ಟುಕೊಂಡ. ಮುಂದಿನ ಗಾಜಿನ ಮೇಲೆ ಬುದ್ಧನ ಚಿತ್ರ ಬರೆಸಿದ. ಅಪ್ಪನನ್ನು ಹಬ್ಬಕ್ಕೆ ಕರೆತರುವಾಗ ದಾರಿಯಲ್ಲಿ ಚಾಪೆಯವರನ್ನೂ ಮಡಕೆಯವರನ್ನೂ ಹತ್ತಿಸಿಕೊಂಡು ಬರತೊಡಗಿದ. ಹಾಗೆ ಹಬ್ಬದ ಗಾಡಿಯೇ ಅವನದಾಯಿತು. ಕೊರೊನಾ ಬಂತು, ಹಬ್ಬ ನಿಂತಿತು, ಪುಟ್ಟಮಾದಯ್ಯನವರು ತೀರಿಕೊಂಡರು. ಕರೆತರಬೇಕಾದ ಅಪ್ಪ ಇಲ್ಲದಿದ್ದರೂ, ಹಬ್ಬ ಮತ್ತೆ ಶುರುವಾದ ವರ್ಷ ಸ್ವಾಮಿ ಗಾಡಿ ತೊಳೆದುಕೊಂಡು ನಮ್ಮ ಮನೆಯ ಮುಂದೆ ಬಂದು ನಿಂತ.

ಆ ವರ್ಷದ ವಿಚಾರ ಈಗ ಹೇಳಬೇಕು. ಸ್ವಲ್ಪ ನೀರು ಕುಡಿಯುತ್ತೇನೆ.

ರೂಪ ಆಗ ಮದ್ದೂರಿನಲ್ಲಿ ಡಿಗ್ರಿ ಓದುತ್ತಿದ್ದಳು. ಅಪ್ಪ ತಿಗರಿಯ ಮೇಲೆ ಮಾಡಿದ ಮಡಕೆಗಳಿಗೆ ಬಣ್ಣ ಬರೆಯುವವಳು ಅವಳೇ. ಹಬ್ಬದಲ್ಲಿ ಮಕ್ಕಳಿಗೆ ಜೇಡಿಮಣ್ಣು ಕೊಟ್ಟು ಆಟ ಆಡಿಸುತ್ತಿದ್ದವಳು ಅವಳೇ. ಮರಿಸಿದ್ದಯ್ಯನವರಿಗೆ ಆವತ್ತು ಜ್ವರ. ಅದಕ್ಕೆ ಮಗಳನ್ನು ಮಾತ್ರ ಕಳಿಸಿದರು. ಹೊಂಬಾಳಮ್ಮ ಹಿಂದಿನ ದಿನವೇ ಅವರ ಮನೆಗೆ ಹೋಗಿ ಉಳಿದಿದ್ದಳು, ನಾನೂ ಬೈಕಿನಲ್ಲಿ ಹೋಗಿದ್ದೆ. ಬೆಳಿಗ್ಗೆ ಗಾಡಿ ತುಂಬಿದೆವು. ಸ್ವಾಮಿಯ ಪಕ್ಕ ಹೊಂಬಾಳಮ್ಮ, ಅವಳ ಪಕ್ಕ ರೂಪ. ಹಿಂದೆ ಮಡಕೆ, ಹುಲ್ಲು, ಚಾಪೆ. ಚಾಪೆಯ ಮೇಲೆ ಚಿಕ್ಕಬೋರಮ್ಮ. ನನಗೆ ಜಾಗವಿರಲಿಲ್ಲ. ನಾನು ಬೈಕಿನಲ್ಲಿ ಹಿಂದೆ ಬಂದೆ.

ನಾಲೆಗೆ ನೀರು ಬಿಟ್ಟಿದ್ದರು, ಅಂಚಿನವರೆಗೆ ಹರಿಯುತ್ತಿತ್ತು. ಏರಿಯ ಮೇಲೆ ರಸ್ತೆ, ರಸ್ತೆಗೂ ನೀರಿಗೂ ನಡುವೆ ತಡೆಗೋಡೆ ಇಲ್ಲ. ನಮ್ಮ ಜಿಲ್ಲೆಯವರಿಗೆ ಅಂಥ ರಸ್ತೆ ಹೊಸದಲ್ಲ. ಸ್ವಾಮಿ ನಿಧಾನವಾಗಿಯೇ ಹೋಗುತ್ತಿದ್ದ, ಮಡಕೆ ಇತ್ತಲ್ಲ. ಮುಂದಿನ ಟೈರು ಸಿಡಿದ ಸದ್ದು ನನಗೆ ಕೇಳಿತು. ಗಾಡಿ ಒಂದು ಸಲ ಎಡಕ್ಕೆ ಬಂತು, ಮತ್ತೆ ಬಲಕ್ಕೆ ತಿರುಗಿತು, ನೋಡುತ್ತಿದ್ದ ಹಾಗೇ ರಸ್ತೆಯ ಮೇಲೆ ಇರಲಿಲ್ಲ.

ನಾನು ಬೈಕು ಬಿಟ್ಟು ಓಡಿದಾಗ ನೀರಿನ ಮೇಲೆ ಮಡಕೆಗಳು ತೇಲುತ್ತಿದ್ದವು. ಬಣ್ಣದ ಮಡಕೆಗಳು. ತೇಲುತ್ತಾ ತೇಲುತ್ತಾ ಬಾಯಿಗೆ ನೀರು ನುಗ್ಗಿ ಒಂದೊಂದೇ ಮುಳುಗುತ್ತಿದ್ದವು. ನನಗೆ ಈಜು ಅಷ್ಟಕ್ಕಷ್ಟೆ. ಬಿದ್ದೆ. ಕೆಂಪು ನೀರು, ಕಣ್ಣು ಬಿಟ್ಟರೂ ಏನೂ ಕಾಣದು. ಗಾಡಿಯ ಕಿಟಕಿ ಕೈಗೆ ಸಿಕ್ಕಿತು. ಕಿಟಕಿಯಿಂದ ಹೊರಗೆ ಚಾಚಿದ್ದ ಒಂದು ಕೈ ಸಿಕ್ಕಿತು.

ಆ ಕೈ ಹೊಂಬಾಳಮ್ಮನದು ಎಂದುಕೊಂಡೆ.

ಸಭಿಕರೇ, ಇದು ನಾನು ಬರೆದು ತಂದ ಹಾಳೆಯಲ್ಲಿಲ್ಲ. ಇಲ್ಲಿ ಹೇಳಬೇಕೆಂದು ಬಂದವನೂ ಅಲ್ಲ. ಆ ಕೈ ಸಿಕ್ಕ ಕ್ಷಣದಲ್ಲಿ ನನಗಾದಷ್ಟು ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ. ಸಿಕ್ಕಿದಳು, ಸಿಕ್ಕಿದಳು ಎಂದು ಎರಡೂ ಕೈಯಲ್ಲಿ ಹಿಡಿದು ಎಳೆದೆ. ಮುಖ ನೀರಿನ ಮೇಲೆ ಬಂತು. ಸ್ವಾಮಿಯ ಮುಖ. ಅವನನ್ನು ದಡದ ಕಲ್ಲಿಗೆ ಒರಗಿಸಿ ಮತ್ತೆ ಇಳಿದೆ. ಕಾಲು ನಿಲ್ಲಲಿಲ್ಲ. ಕಬ್ಬು ಕಡಿಯುವವರು ಓಡಿ ಬಂದು ನನ್ನನ್ನು ಎಳೆದು ಹಾಕಿದರಂತೆ. ಆಮೇಲಿನದು ನನಗೆ ಗೊತ್ತಿಲ್ಲ. ಎಚ್ಚರವಾದಾಗ ಮಂಡ್ಯದ ಆಸ್ಪತ್ರೆಯಲ್ಲಿದ್ದೆ. ಹೊಂಬಾಳಮ್ಮ ಮರುದಿನ ಕೆಳಗಿನ ತೂಬಿನ ಹತ್ತಿರ ಸಿಕ್ಕಿದಳು. ಮಣ್ಣು ಕೊಡಲು ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋದರು.

ಆಸ್ಪತ್ರೆಯಲ್ಲಿ ಯಾರೋ ಪೇಪರು ಓದಿದರು. ಟೆಂಪೋ ನಾಲೆಗೆ, ಇಬ್ಬರು ಮಹಿಳೆಯರ ಸಾವು, ಚಾಲಕ ಪಾರು. ಚಾಲಕ ಪಾರು. ಎರಡೇ ಪದ. ತಪ್ಪೇನೂ ಇಲ್ಲ ಅದರಲ್ಲಿ. ಆದರೆ ಆ ಎರಡು ಪದ ಊರೂರು ತಿರುಗುತ್ತಾ ಏನಾಯಿತು ನೋಡಿ. ಮದ್ದೂರಿಗೆ ಹೋಗುವಷ್ಟರಲ್ಲಿ ಚಾಲಕ ಹಾರಿಕೊಂಡ ಎಂದಾಯಿತು. ಮಳವಳ್ಳಿಗೆ ಬರುವಷ್ಟರಲ್ಲಿ ಹೆಂಗಸರನ್ನು ಮುಳುಗಲು ಬಿಟ್ಟು ಈಜಿ ಓಡಿಹೋದ ಎಂದಾಯಿತು. ಕುಡಿದಿದ್ದ ಎಂದರು. ಇನ್ನೂ ಕೆಲವರು, ಆ ಕೇರಿಯವನ ಕೈಗೆ ಹೆಣ್ಣುಮಕ್ಕಳನ್ನು ಕೊಟ್ಟು ಕಳಿಸಿದ್ದೇ ತಪ್ಪು ಎಂದರು. ಕೊನೆಯ ಮಾತು ನನ್ನ ಮುಂದೆಯೇ ಆಡಿದರು, ನನ್ನ ದುಃಖಕ್ಕೆ ಸಮಾಧಾನ ಎಂದು ಆಡಿದರು. ಅವನನ್ನು ಕಿಟಕಿಯಿಂದ ಎಳೆದವನು ನಾನೇ ಎಂದು ಆಗ ನಾನೂ ಹೇಳಲಿಲ್ಲ.

ನಾನು ಮಂಡ್ಯದಲ್ಲಿ ತಂಗಿಯ ಮನೆಯಲ್ಲಿ ಉಳಿದೆ. ಶ್ವಾಸಕೋಶಕ್ಕೆ ನೀರು ಹೋಗಿ ಬಹಳ ಕಾಲ ನರಳಿದೆ. ಹಬ್ಬ ನಿಂತಿತು. ಪೊಲೀಸರು ಟೈರು ಸಿಡಿದದ್ದೇ ಕಾರಣ ಎಂದು ಬರೆದರು, ಕೊನೆಗೆ ಕೋರ್ಟು ಸ್ವಾಮಿಯನ್ನು ಬಿಟ್ಟಿತು. ಊರು ಮಾತ್ರ ಅವನನ್ನು ಬಿಡಲಿಲ್ಲ.

ಮಳವಳ್ಳಿಗೆ ವಾಪಸು ಬಂದ ಮೇಲೆ ಒಂದು ದಿನ ಚಿಕ್ಕಬೋರಮ್ಮ ನಮ್ಮ ಮನೆಗೆ ಬಂದರು. ಜಗಲಿಯ ಮೇಲೆ ಕೂತು, ಕಾಫಿ ಬೇಡ ಎಂದು, ಆ ದಿನ ನಾನು ಕಾಣದೇ ಹೋದದ್ದನ್ನು ಹೇಳಿದರು.

“ನೀವು ಎಳ್ದು ಆಕಿದ್ರಲ್ಲ, ಅವ್ನು ಅಲ್ಲೇ ಬಿದ್ದಿರ್ನಿಲ್ಲ ಕಣಪ್ಪ. ತಿರ್ಗ ನೀರ್ಗೆ ಬಿದ್ದ. ಬುಜದ್ ಮೂಳೆ ಮುರ್ದೋಗಿತ್ತು, ಒಂದೇ ಕೈಲಿ ಈಜ್ಕಂಡು ಬಂದ. ನಾನು ಚಾಪೆ ಒಳ್ಗೆ ಸಿಕ್ಕಾಕಂಡಿದ್ದೆ. ಚಾಪೆ ಸಮೇತ ಎಳ್ದ.”

ಅಮ್ಮನನ್ನು ದಡ ಮುಟ್ಟಿಸಿ ಸ್ವಾಮಿ ಮತ್ತೆ ಇಳಿದ. ಈ ಸಲ ರೂಪಳನ್ನು ತಂದ. ಅಷ್ಟು ಹೊತ್ತಿಗೆ ಏರಿಯ ಮೇಲೆ ಜನ ಸೇರಿದ್ದರು, ಬಸ್ಸು ನಿಂತಿತ್ತು. ಅವನು ಆ ಹುಡುಗಿಯನ್ನು ಹುಲ್ಲಿನ ಮೇಲೆ ಮಲಗಿಸಿ, ಮತ್ತೆ ನಾಲೆಯ ಕಡೆಗೆ ತಿರುಗಿದ. ಇನ್ನೂ ಒಬ್ಬರಿದ್ದಾರೆ ಎಂದನಂತೆ. ಆ ಒಬ್ಬರು ನನ್ನ ಹೆಂಡತಿ. ಆಗ ಯಾರೋ ಡ್ರೈವರ್ ನೀನೇನಾ ಎಂದು ಕೇಳಿದರು. ಹೌದು ಎಂದ. ಹೊಡೆದರು. ಯಾವ ಊರು ಎಂದು ಕೇಳಿದರು, ಹೇಳಿದ. ಊರಲ್ಲಿ ಯಾವ ಬೀದಿ ಎಂದು ಕೇಳಿದರು, ಅದನ್ನೂ ಹೇಳಿದ. ಆಮೇಲೆ ಹೊಡೆತ ಹೆಚ್ಚಾಯಿತು. ಬಿಡಿಸಲು ಹೋದ ಚಿಕ್ಕಬೋರಮ್ಮನನ್ನು, ಅಜ್ಜಿಗೆ ಭಯಕ್ಕೆ ಬುದ್ಧಿ ಕೆಟ್ಟಿದೆ ಎಂದು ಪಕ್ಕಕ್ಕೆ ಕೂರಿಸಿದರು. ಹೊಂಬಾಳಮ್ಮನನ್ನು ಹುಡುಕಲು ಆಮೇಲೆ ಯಾರೂ ನೀರಿಗೆ ಇಳಿಯಲಿಲ್ಲ.

ಅಮ್ಮ ಇದನ್ನು ಪೊಲೀಸರಿಗೆ ಹೇಳಿದ್ದರು, ಕೋರ್ಟಿನಲ್ಲಿ ಹೇಳಿದ್ದರು, ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಸಿಕ್ಕವರಿಗೆ ಹೇಳಿದ್ದರು. ನಾವು ಓದಿದವರು, ಸಂಘ ಕಟ್ಟಿದವರು, ಹಬ್ಬ ಮಾಡಿದವರು. ಒಬ್ಬ ಮುದುಕಿಯ ಮಾತು ನಮ್ಮ ಕಿವಿಗೆ ಬೀಳಲು ಯಾಕೆ ಇಷ್ಟು ಕಾಲ ಬೇಕಾಯಿತು?

ನಾನು ಅಮ್ಮನನ್ನು ಕರೆದುಕೊಂಡು ಮರಿಸಿದ್ದಯ್ಯನವರ ಮನೆಗೆ ಹೋದೆ. ಹಬ್ಬ ಮತ್ತೆ ಶುರುಮಾಡೋಣ ಎಂದು ಕೆಲವರು ಅದಕ್ಕೂ ಮುಂಚೆ ಹೋಗಿದ್ದರು. ಅವರನ್ನು ಮರಿಸಿದ್ದಯ್ಯನವರು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದ್ದರು. ನನಗೆ ಮಾತ್ರ ಚಾಪೆ ಹಾಕಿದರು. ನನ್ನ ಮನೆಯಿಂದಲೂ ಒಂದು ಜೀವ ಹೋಗಿದೆಯಲ್ಲ. ಅಂಗಳದಲ್ಲಿ ತಿಗರಿ ಇತ್ತು, ಗೋಡೆಗೆ ಒರಗಿಸಿ ಸಣ್ಣ ಕರಿ ಮಡಕೆಗಳನ್ನು ಇಟ್ಟಿದ್ದರು. ನಾನು ನೋಡುತ್ತಿರುವುದನ್ನು ಕಂಡು ಅವರೇ ಹೇಳಿದರು: “ಅಬ್ಬದ್ ಮಡ್ಕೆ ಮಾಡಾದ್ ಬುಟ್ಬುಟ್ಟೆ. ಸಾವಿಗೆ ಬೇಕು ಅಂತ ಬಂದ್ರೆ ಮಾಡ್ಕೊಡ್ತೀನಿ. ಅದ್ಕೆ ಬಣ್ಣ ಬ್ಯಾಡ.”

ಚಿಕ್ಕಬೋರಮ್ಮ ನನಗೆ ಹೇಳಿದ್ದನ್ನೆಲ್ಲ ಅವರಿಗೂ ಹೇಳಿದರು. ಮರಿಸಿದ್ದಯ್ಯನವರು ತಲೆ ಎತ್ತದೆ ಕೇಳಿಸಿಕೊಂಡರು. ರೂಪಳ ತಾಯಿ ಬಾಗಿಲ ಹಿಂದೆ ನಿಂತಿದ್ದರು, ಸೆರಗು ಮಾತ್ರ ಕಾಣುತ್ತಿತ್ತು. ಎಲ್ಲ ಹೇಳಿ ಮುಗಿದ ಮೇಲೆ ಮರಿಸಿದ್ದಯ್ಯನವರು ಒಂದು ಪ್ರಶ್ನೆ ಕೇಳಿದರು.

“ಅವ್ನ ಕೈಗೆ ಸಿಕ್ದಾಗ ಮಗೀಗೆ ಜೀವ ಇತ್ತಾ?”

“ಇರ್ನಿಲ್ಲ ಕಣಪ್ಪ,” ಎಂದರು ಚಿಕ್ಕಬೋರಮ್ಮ.

“ಅದು ಅವ್ನಿಗೆ ಗೊತ್ತಾಯ್ತಾ?”

“ಗೊತ್ತಾಗಿತ್ತು. ಆದ್ರೂ ಬುಡ್ನಿಲ್ಲ. ನೀರು ಎಳೀತಿತ್ತು. ತಾನೂ ಎಲ್ಡ್ ಸಲ ಮುಳುಗ್ದ. ಬುಡ್ನಿಲ್ಲ.”

ಮರಿಸಿದ್ದಯ್ಯನವರು ಎದ್ದು ಒಳಗೆ ಹೋದರು. ನಾವು ಕೂತೇ ಇದ್ದೆವು. ಹೊರಡೋಣ ಎಂದು ನಾನು ಎದ್ದಾಗ ಅವರು ಬಂದು ಹೊಸ್ತಿಲಲ್ಲಿ ನಿಂತು, “ಈ ಸರ್ತಿ ಮಡ್ಕೆ ಕಳಿಸ್ತೀನಿ. ಅವ್ನೇ ಬಂದು ತುಂಬ್ಕಂಡೋಗ್ಲಿ. ಬ್ಯಾರೆಯೋರು ಮುಟ್ಟಾದ್ ಬ್ಯಾಡ,” ಎಂದರು. ನಮ್ಮನ್ನು ಕಳಿಸಲು ಬೀದಿಯವರೆಗೂ ಬರಲಿಲ್ಲ.

ಸ್ವಾಮಿ ಒಂದು ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುವ ಕೆಲಸದಲ್ಲಿದ್ದಾನೆ. ಸ್ಟೀರಿಂಗ್ ಮುಟ್ಟಿ ವರ್ಷಗಳಾದವು. ಯಾರೂ ಅವನಿಗೆ ಗಾಡಿ ಕೊಡಲಿಲ್ಲ, ಅವನೂ ಕೇಳಲಿಲ್ಲ. ಆ ಭುಜ ಸರಿಯಾಗಿ ಕೂಡಿಲ್ಲ, ಕೈ ಪೂರ್ತಿ ಮೇಲೆ ಏಳುವುದಿಲ್ಲ, ಆದರೆ ಗಾಡಿ ಓಡಿಸಲು ತೊಂದರೆಯಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ನಾನು ಹೋದಾಗ ಅವನು ಎದ್ದು ನಿಂತ, ಕೂರು ಎಂದರೂ ಕೂರಲಿಲ್ಲ. ನನ್ನ ಮುಖ ನೋಡಲಿಲ್ಲ. ನಾನೂ ಅವನ ಕೈ ನೋಡುತ್ತಿದ್ದೆ. ನೀರಿನಲ್ಲಿ ನನಗೆ ಸಿಕ್ಕ ಕೈ ಅದು. ಅದನ್ನು ನೋಡಲು ನನಗೆ ಕಷ್ಟವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವನಿಗೂ ಅದು ಗೊತ್ತಿತ್ತೆಂದು ಕಾಣುತ್ತದೆ, ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡ.

“ಅಕ್ಕನ್ನ ತರಕ್ಕಾಗ್ನಿಲ್ಲ ಅಣ್ಣ,” ಎಂದ. “ಓಗಕ್ಕೆ ಬುಡ್ನಿಲ್ಲ ಅವ್ರು.”

ಇಷ್ಟು ವರ್ಷ ಅವನು ಹೇಳಬೇಕೆಂದುಕೊಂಡಿದ್ದ ಮಾತು ಅದೊಂದೇ ಇರಬೇಕು. ನಾನು ಅವನಿಗೆ ಮರಿಸಿದ್ದಯ್ಯನವರು ಹೇಳಿದ್ದನ್ನು ಹೇಳಿದೆ. ಅವನು ಅಲ್ಲೇ ಕಬ್ಬಿನ ಹೊರೆಯ ಮೇಲೆ ಕೂತ. ಮೊದಲು ಆಗುವುದಿಲ್ಲ ಎಂದ. ಆಮೇಲೆ, “ಗಾಡಿ ಓಡಿಸ್ತೀನಿ ಅಣ್ಣ. ಆ ಏರಿ ಮ್ಯಾಲೆ ಒಬ್ನೇ ಓಗಕ್ಕೆ ಆಗಕಿಲ್ಲ. ಯಾರಾನ ಪಕ್ದಲ್ಲಿ ಕೂತ್ಕಳಿ,” ಎಂದ.

ಈ ವಿಷಯವನ್ನು ಸಂಘದ ಸಭೆಯಲ್ಲಿ ಇಟ್ಟೆ. ಸ್ವಾಮಿ ಗಾಡಿ ತಂದರೆ ನಾವು ಒಂದು ಕುರ್ಚಿಯನ್ನೂ ಮುಟ್ಟುವುದಿಲ್ಲ ಎಂದು ಕೆಲವು ಸ್ವಯಂಸೇವಕರು ಹೇಳಿದರು. ಹೇಳಿದ ಹಾಗೆಯೇ ನಡೆದುಕೊಂಡರು, ಮಾತಿಗೆ ತಪ್ಪಲಿಲ್ಲ. ಆಹ್ವಾನ ಪತ್ರಿಕೆಯಲ್ಲಿ ಅವರ ಹೆಸರುಗಳು ಹಾಗೇ ಇವೆ. ಅವನ್ನು ಹೊಡೆದು ಹಾಕಬೇಡಿ, ಇರಲಿ ಎಂದು ನಾನೇ ಹೇಳಿದೆ. ಇಷ್ಟು ವರ್ಷ ಅವರೂ ಕಂಬ ನೆಟ್ಟಿದ್ದಾರೆ, ಕಸ ಗುಡಿಸಿದ್ದಾರೆ. ಇಂದು ನಾನು ಹೇಳಿದ್ದನ್ನು ಅವರಿಗೆ ಯಾರಾದರೂ ತಲುಪಿಸಿ. ಕೇಳಿದ ಮೇಲೂ ಬರುವುದಿಲ್ಲವಾದರೆ ಅದು ಅವರಿಷ್ಟ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಮುಗಿಸುತ್ತೇನೆ.

ಹಬ್ಬದ ಚರಿತ್ರೆ ಕೇಳಿದ್ದಿರಿ, ನನಗೆ ಗೊತ್ತಿರುವುದು ಇಷ್ಟು. ಸ್ವಾಮಿ ಇಲ್ಲಿಗೆ ಬಂದಿಲ್ಲ. ಅವನಿಗೆ ಶಾಲು ಹೊದಿಸಿ ಎಂದು ನಾನು ಕೇಳುವುದಿಲ್ಲ, ಅವನಿಗೆ ಅದು ಬೇಡ. ನಾಳೆ ಬೆಳಿಗ್ಗೆ ಈ ಶಾಲೆಯ ಗೇಟಿನಿಂದ ಬಾಡಿಗೆ ಗಾಡಿಯೊಂದು ಮದ್ದೂರಿನ ಕಡೆ ಹೊರಡುತ್ತದೆ, ಮಡಕೆ ತುಂಬಿಕೊಂಡು ನಾಲೆ ಏರಿಯ ಮೇಲೆಯೇ ವಾಪಸು ಬರುತ್ತದೆ. ಓಡಿಸುವವನು ಸ್ವಾಮಿ. ಅವನ ಪಕ್ಕದಲ್ಲಿ ನಾನು ಕೂರುತ್ತೇನೆ. ನನಗೂ ಆ ನೀರನ್ನು ನೋಡುವ ಧೈರ್ಯ ಇನ್ನೂ ಬಂದಿಲ್ಲ, ಆದರೂ ಕೂರುತ್ತೇನೆ. ಆ ಸೀಟಿನಲ್ಲಿ ನನ್ನ ಪಕ್ಕ ಇನ್ನೊಬ್ಬರಿಗೆ ಜಾಗವಿದೆ. ನಿಮ್ಮಲ್ಲಿ ಯಾರಾದರೂ ಬರುವುದಾದರೆ ಗೇಟಿನ ಹತ್ತಿರ ಬನ್ನಿ.

ಇಷ್ಟು ಹೊತ್ತು ನಿಂತೇ ಕೇಳಿದ ತಾಯಂದಿರಿಗೆ, ಎದ್ದು ಹೋಗದೆ ಕೂತ ನಿಮಗೆ, ಎಲ್ಲರಿಗಿಂತ ಮೊದಲು ಹೇಳಿ ಎಲ್ಲರಿಗಿಂತ ಕೊನೆಗೆ ನಂಬಿಸಿಕೊಂಡ ಚಿಕ್ಕಬೋರಮ್ಮನವರಿಗೆ ನನ್ನ ಕೃತಜ್ಞತೆ. ನಮಸ್ಕಾರ.